ತುಟಿ ಸೀಳಿದ ಕೂಸಿಗೆ ಹಾಲೂಡುವ ಬಗೆ

ಸೀಳುತುಟಿಯ ಮಗು ಹುಟ್ಟಿತೆಂದೊಡನೆ ಮನೆಯಲ್ಲಿ ಎರಡು ಮಾತು ಏಳುತ್ತವೆ. ‘ಗ್ರಹಣದ ದಿನ ಇವಳು ಏನನ್ನು ಹೆಚ್ಚಿದಳೋ!’ ಎಂಬುದು ಒಂದು. ‘ಇದಕ್ಕೆ ಹಾಲು ಕುಡಿಸುವುದು ಹೇಗೆ?’ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಹೆಚ್ಚು ಜಾಗ ಕೊಡಬೇಕಾಗಿಲ್ಲ. ಗರ್ಭದಲ್ಲಿ ಮಗುವಿನ ಮುಖವು ಎರಡು ಬದಿಗಳಿಂದ ಬೆಳೆದು ಬಂದು ನಡುವೆ ಕೂಡಿಕೊಳ್ಳುತ್ತದೆ. ಮೇಲ್ದುಟಿ ಕೂಡುವುದು ಸುಮಾರು ೪ರಿಂದ ೭ನೆಯ ವಾರದೊಳಗೆ. ಅಂಗುಳ ಕೂಡುವುದು ಅದರ ಹಿಂದೆಯೇ ಕೆಲವು ವಾರಗಳಲ್ಲಿ. ತಾನು ಬಸುರಿ ಎಂಬುದು ಎಷ್ಟೋ ತಾಯಂದಿರಿಗೆ ಆಗಿನ್ನೂ ತಿಳಿದಿರುವುದೇ ಇಲ್ಲ. ಆ ಕೂಡಿಕೆ ಪೂರ್ತಿಯಾಗದಿದ್ದರೆ ಸೀಳು ಉಳಿಯುತ್ತದೆ. ಅದರಲ್ಲಿ ವಂಶದ ಪಾಲು ಸ್ವಲ್ಪ, ಬೇರೆ ಕಾರಣಗಳ ಪಾಲು ಸ್ವಲ್ಪ. ಹೆಚ್ಚಿನ ಮನೆಗಳಲ್ಲಿ ಕಾರಣ ಇಂಥದೇ ಎಂದು ಬೆರಳಿಟ್ಟು ತೋರಿಸಲಾಗದು. ಈಳಿಗೆಮಣೆಗೂ ಸೂರ್ಯಚಂದ್ರರಿಗೂ ಇದರಲ್ಲಿ ಏನೂ ಸಂಬಂಧವಿಲ್ಲ. ಈ ಮಾತನ್ನು ಊರಿನಿಂದ ಫೋನು ಮಾಡುವ ಹಿರಿಯರಿಗೂ ಮೆಲ್ಲನೆ ತಿಳಿಸಬೇಕು. ಬಾಣಂತಿಯ ಮನಸ್ಸು ಕುಗ್ಗಿದರೆ ಹಾಲು ಇಳಿಯುವುದಕ್ಕೂ ಅಡ್ಡಿಯಾಗುತ್ತದೆ.

ಎರಡನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ. ಸೀಳಿದ್ದ ಮಾತ್ರಕ್ಕೆ ಕೂಸು ಸೊರಗುವುದಿಲ್ಲ; ಹಾಲು ಸಾಲದೆ ಸೊರಗುತ್ತದೆ. ತುಟಿಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ೩ರಿಂದ ೬ನೆಯ ತಿಂಗಳಲ್ಲಿ ಮಾಡುತ್ತಾರೆ. ವೈದ್ಯರಲ್ಲಿ ಹಳೆಯದೊಂದು ಲೆಕ್ಕವಿದೆ: ಹತ್ತು ವಾರದ ವಯಸ್ಸು, ಹತ್ತು ಪೌಂಡು ತೂಕ, ರಕ್ತದಲ್ಲಿ ಹತ್ತು ಗ್ರಾಂ ಹಿಮೋಗ್ಲೋಬಿನ್. ಹತ್ತು ಪೌಂಡೆಂದರೆ ಸುಮಾರು ನಾಲ್ಕೂವರೆ ಕಿಲೊ. ಅಷ್ಟು ತೂಕವಿಲ್ಲದ ಮಗುವಿನ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ತುಟಿಯದು ತಡವಾದರೆ ಅಂಗುಳದ್ದೂ ತಡವಾಗಬಹುದು, ಅದರೊಡನೆ ಮಾತೂ.

ತುಟಿ ಮಾತ್ರ ಸೀಳಿದ್ದರೆ ಮಗು ಮೊಲೆ ಕುಡಿಯುವುದು ಬಹುಮಟ್ಟಿಗೆ ಸಾಧ್ಯ. ಮೊಲೆಯೇ ಆ ಬಿರುಕನ್ನು ಮುಚ್ಚುತ್ತದೆ. ಬೇಕಾದರೆ ತಾಯಿ ಹೆಬ್ಬೆರಳಿನಿಂದ ಒತ್ತಿ ಹಿಡಿಯಬಹುದು. ಅಂಗುಳ ಸೀಳಿದ್ದರೆ ಕಥೆ ಬೇರೆ. ತೂತುಬಿದ್ದ ಕೊಳವೆಯಿಂದ ಎಳನೀರು ಹೀರಿ ನೋಡಿ. ಗಾಳಿ ಬರುತ್ತದೆ, ನೀರು ಬರುವುದಿಲ್ಲ. ಬಾಯಿ, ಮೂಗು ಒಂದೇ ಆಗಿರುವ ಕೂಸಿನ ಪಾಡೂ ಅದೇ. ಗಂಟೆಗಟ್ಟಲೆ ಮೊಲೆ ಚೀಪಿದರೂ ಹೊಟ್ಟೆಗೆ ಹೋಗುವುದು ಸ್ವಲ್ಪ, ಖರ್ಚಾಗುವ ಶಕ್ತಿ ಬಹಳ. ಇಂಥ ಕೂಸಿಗೆ ತಾಯಿಯ ಹಾಲನ್ನು ಹಿಂಡಿ ತೆಗೆದು ಕುಡಿಸಬೇಕು. ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲವಾದರೂ ಹಿಂಡಿದರೆ ಹಾಲು ಬತ್ತುವುದಿಲ್ಲ. ಹಿಂಡಿದ ಹಾಲನ್ನು ಹೊರಗಿಟ್ಟರೆ ೪ ಗಂಟೆಯೊಳಗೆ, ಫ್ರಿಜ್‌ನಲ್ಲಿಟ್ಟರೆ ಒಂದು ದಿನದೊಳಗೆ ಕುಡಿಸಿ ಮುಗಿಸುವುದು ಕ್ಷೇಮ. ಒಲೆಯ ಮೇಲೆ ಕಾಯಿಸಕೂಡದು. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನಿಟ್ಟು ಬೆಚ್ಚಗೆ ಮಾಡಬೇಕು.

ಯಾವುದರಲ್ಲಿ ಕುಡಿಸುವುದು? ಇಲ್ಲಿ ನಮ್ಮ ಅಜ್ಜಿಯರ ಪೆಟ್ಟಿಗೆ ನೆರವಿಗೆ ಬರುತ್ತದೆ. ನಾವು ಒಳಲೆ ಎನ್ನುವುದನ್ನು ತಮಿಳರು ಪಾಲಾಡೈ ಎನ್ನುತ್ತಾರೆ, ತೆಲುಗರು ಉಗ್ಗು ಗಿನ್ನೆ ಎನ್ನುತ್ತಾರೆ, ಮರಾಠಿಗರು ಬೋಂಡಲೆ ಎನ್ನುತ್ತಾರೆ. ಚೆನ್ನೈಯ ದಾದಿ ‘ಪಾಲಾಡೈ ತನ್ನಿ’ ಎಂದರೆ ಗಾಬರಿಯಾಗಿ ಅಂಗಡಿಗೆ ಓಡಬೇಕಾಗಿಲ್ಲ. ಊರಿನಿಂದ ಬಂದ ಸಾಮಾನಿನಲ್ಲಿ ಅದು ಇದ್ದರೂ ಇದ್ದೀತು. ಮೂತಿಯ ಅಂಚು ನಯವಾಗಿರಬೇಕು, ಪ್ರತಿ ಸಲವೂ ತೊಳೆದು ಹತ್ತು ನಿಮಿಷ ಕುದಿಸಬೇಕು, ಅಷ್ಟೆ. ಒತ್ತಿದರೆ ಹಾಲು ಬರುವ ಮೆತ್ತನೆಯ ವಿಶೇಷ ಬಾಟಲಿಗಳೂ ಇವೆ. ಸಾಧಾರಣ ಬಾಟಲಿಯ ನಿಪ್ಪಲ್ಲಿಗೆ ಸೂಜಿ ಕಾಯಿಸಿ ದೊಡ್ಡ ತೂತು ಮಾಡುವುದು ಮಾತ್ರ ಬೇಡ. ಹಾಲು ಧುಮುಕಿ ಕೂಸಿಗೆ ಉಸಿರು ಕಟ್ಟೀತು.

ಅಜ್ಜಿಯ ಒಳಲೆ ಸರಿ, ಅಜ್ಜಿಯ ಭಂಗಿ ಸರಿಯಲ್ಲ. ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಅಳುತ್ತ ಬಾಯಿ ತೆರೆದಾಗ ಸುರಿಯುವ ಹಳೆಯ ರೂಢಿ ಯಾವ ಕೂಸಿಗೂ ಒಳ್ಳೆಯದಲ್ಲ; ಅಂಗುಳ ಸೀಳಿದ ಕೂಸಿಗಂತೂ ಅಪಾಯ. ಹಾಲು ಶ್ವಾಸಕ್ಕೆ ಇಳಿದರೆ ನ್ಯುಮೋನಿಯಾ ಆದೀತು. ಕೂಸನ್ನು ಮಡಿಲಲ್ಲಿ ಹೆಚ್ಚುಕಡಮೆ ನೆಟ್ಟಗೆ ಕೂರಿಸಿ, ಒಂದು ಕೈಯಿಂದ ಕುತ್ತಿಗೆ, ತಲೆಗಳಿಗೆ ಆಸರೆ ಕೊಡಬೇಕು. ಒಳಲೆಯ ಮೂತಿ ಬಾಯಿಯ ಮೂಲೆಯಲ್ಲಿ, ಸೀಳಿಲ್ಲದ ಕಡೆ, ಕೆನ್ನೆಯ ಒಳಬದಿಗೆ ತಾಕಿರಲಿ. ಸ್ವಲ್ಪ ಸ್ವಲ್ಪವಾಗಿ ಬಾಗಿಸಿ, ನುಂಗಿದ್ದನ್ನು ನೋಡಿ, ಆಮೇಲೆ ಮತ್ತೆ. ಗಾಳಿಯನ್ನೂ ನುಂಗುವುದರಿಂದ ನಡುನಡುವೆ ಹೆಗಲಿಗೆ ಹಾಕಿಕೊಂಡು ತೇಗಿಸಬೇಕು. ಮೂಗಿನಿಂದ ಒಂದಿಷ್ಟು ಹಾಲು ಬಂದೇ ಬರುತ್ತದೆ. ನಿಲ್ಲಿಸಿ, ಒರೆಸಿ, ಸೀನಲು ಬಿಟ್ಟು ಮುಂದುವರಿಸಿ. ಅದಕ್ಕೆ ಹೆದರಿ ಹಾಲನ್ನೇ ಕಡಮೆ ಮಾಡುವವರಿದ್ದಾರೆ, ಅದು ತಪ್ಪು. ಆದರೆ ಗದ್ದ ತೀರ ಚಿಕ್ಕದಾಗಿದ್ದು ಉಸಿರು ಗೊರಗೊರ ಎನ್ನುತ್ತಿದ್ದರೆ, ಕುಡಿಯುವಾಗ ಕೆಮ್ಮಿ ನೀಲಿಯಾದರೆ, ಮನೆಯ ಪ್ರಯೋಗ ಬೇಡ, ಕೂಡಲೆ ಆಸ್ಪತ್ರೆ.

ಒಂದು ಊಟ ಅರ್ಧ ಗಂಟೆಯನ್ನು ಮೀರಬಾರದು. ಮೊದಲ ವಾರ ಕಳೆದ ಮೇಲೆ ಒಂದು ಕಿಲೊ ತೂಕಕ್ಕೆ ದಿನಕ್ಕೆ ಸುಮಾರು ೧೫೦ ಮಿಲಿಲೀಟರ್ ಹಾಲು ಬೇಕು. ಮೂರು ಕಿಲೊ ಕೂಸಿಗೆ ೪೫೦ ಆಯಿತು. ಎಂಟು ಸಲವೆಂದರೆ ಸಲಕ್ಕೆ ೫೫ರಷ್ಟು. ದಿನಕ್ಕೆ ಆರು ಬಟ್ಟೆಯಾದರೂ ಒದ್ದೆಯಾಗಬೇಕು. ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಿ ಬಂದು, ಆಮೇಲೆ ದಿನಕ್ಕೆ ೨೦ರಿಂದ ೩೦ ಗ್ರಾಂ ಏರುತ್ತಿರಬೇಕು. ನೆರೆಯವರ ‘ಮೈ ತುಂಬಿಕೊಂಡಿದೆ’ ಎಂಬ ಮಾತನ್ನು ನಂಬದೆ, ವಾರಕ್ಕೊಮ್ಮೆ ತಕ್ಕಡಿಯನ್ನು ನಂಬಿ.

ಇನ್ನು ಬಾಯಿಯ ಶುಚಿ. ಹಾಲು ಸೀಳಿನ ಅಂಚಿನಲ್ಲಿ, ಮೂಗಿನ ಕೆಳಗೆ ಒಣಗಿ ಹಕ್ಕಳೆಗಟ್ಟಿದರೆ ಚರ್ಮ ಒಡೆಯುತ್ತದೆ. ಕೈ ತೊಳೆದು, ಶುಭ್ರವಾದ ತೆಳು ಬಟ್ಟೆಯನ್ನು ಬೆರಳಿಗೆ ಸುತ್ತಿ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿ, ತುಟಿ, ಒಸಡು, ಸೀಳಿನ ಅಂಚುಗಳನ್ನು ಮೆಲ್ಲಗೆ ಒರೆಸಬೇಕು. ಸೀಳಿನ ಒಳಗೆ ಬೆರಳನ್ನಾಗಲಿ ಹತ್ತಿಯನ್ನಾಗಲಿ ತುರುಕಬಾರದು. ಜೇನು, ತೇಯ್ದ ಬಜೆ, ಹರಳೆಣ್ಣೆ ಇವು ಯಾವುವೂ ಬೇಡ. ಜೇನು ಒಂದು ವರ್ಷ ತುಂಬುವವರೆಗೆ ಯಾವ ಮಗುವಿಗೂ ಸಲ್ಲದು. ಒರೆಸಿದರೂ ಹೋಗದ ಬಿಳಿ ಪದರ ಕಂಡರೆ ವೈದ್ಯರಿಗೆ ತೋರಿಸಿ. ಮೊದಲ ಹಲ್ಲು ಮೂಡಿದ ದಿನದಿಂದ ಮೆತ್ತನೆಯ ಬ್ರಷ್ಷು, ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟು, ದಿನಕ್ಕೆರಡು ಸಲ. ಸೀಳಿನ ಪಕ್ಕದ ಹಲ್ಲುಗಳು ಓರೆಯಾಗಿ ಬರುತ್ತವೆ, ಬೇಗ ಹುಳುಕುತ್ತವೆ. ‘ಹಾಲುಹಲ್ಲು ತಾನೆ, ಬೀಳುವುದೇ’ ಎನ್ನಬಾರದು.

ಆರು ತಿಂಗಳಾದ ಮೇಲೆ ಉಳಿದ ಮಕ್ಕಳಂತೆಯೇ ರಾಗಿ ಸರಿ, ನುರಿದ ಬಾಳೆಹಣ್ಣು, ಮೆತ್ತನೆಯ ಬೇಳೆ ಅನ್ನ. ತೆಳುವಾದದ್ದು ಮೂಗಿಗೆ ಏರುತ್ತದೆ. ಸರಿ ತುಸು ಗಟ್ಟಿಯಾಗಿರಲಿ, ಮಗು ಕುಳಿತಿರಲಿ.

ಚಿಕಿತ್ಸೆಗೆ ಹಣವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳಗಳು ಸೇರಿವೆ. ಸ್ಮೈಲ್ ಟ್ರೈನ್ ಸಂಸ್ಥೆಯ ನೆರವಿನಿಂದ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳು ಬೇರೆ ಬೇರೆ ರಾಜ್ಯಗಳಲ್ಲಿವೆ. ಬಾಣಂತನಕ್ಕೆ ಊರಿಗೆ ಹೋದವರಿಗೆ ಧಾರವಾಡದ ಎಸ್.ಡಿ.ಎಂ., ಮಂಗಳೂರಿನ ಬಳಿಯ ದೇರಳಕಟ್ಟೆಯ ನಿಟ್ಟೆ ಸಂಸ್ಥೆಗಳಲ್ಲಿ ಇದಕ್ಕೆಂದೇ ವಿಭಾಗಗಳಿವೆ. ಆದರೆ ಇದು ಒಂದು ಸಲದ ಕೆಲಸವಲ್ಲ. ಅಂಗುಳವನ್ನು ೯ರಿಂದ ೧೮ ತಿಂಗಳೊಳಗೆ ಮುಚ್ಚುತ್ತಾರೆ. ಕಿವಿಯನ್ನು ಆಗಾಗ ನೋಡಿಸಬೇಕು. ಒಸಡಿನ ಮೂಳೆಯ ಕೆಲಸ ಎಂಟು ಹತ್ತು ವರ್ಷದ ಪ್ರಾಯಕ್ಕೆ ಬರಬಹುದು. ಆದಕಾರಣ ತಾವು ನೆಲೆಸಿರುವ ಊರಿಗೆ ಹತ್ತಿರದ ಒಂದು ಆಸ್ಪತ್ರೆಯನ್ನು ಹಿಡಿದು ಅಲ್ಲಿಯೇ ಮುಂದುವರಿಯುವುದು ಮೇಲು.

ತಂದೆಯರಿಗೆ ಒಂದು ಮಾತು. ‘ಮ’, ‘ನ’ಗಳಿಗೆ ಗಾಳಿ ಮೂಗಿನಿಂದಲೇ ಹೋಗಬೇಕು; ಆದ್ದರಿಂದ ಅಂಗುಳ ಮುಚ್ಚುವ ಮೊದಲೂ ಮಗು ‘ಅಮ್ಮ’ ಎಂದೀತು. ‘ಪ’ಕ್ಕೆ ಗಾಳಿಯನ್ನು ಬಾಯಲ್ಲಿ ಕಟ್ಟಿ ಬಿಡಬೇಕು, ‘ಅಪ್ಪ’ ತಡವಾಗುವುದು ಅದಕ್ಕೇ. ಶಸ್ತ್ರಚಿಕಿತ್ಸೆಯಾದ ಮೇಲೆ ಮಾತಿನ ತರಬೇತಿ ಬೇಕಾಗಬಹುದು. ಕಲಿಸುವವರು ಮರಾಠಿಯವರೋ ತಮಿಳರೋ ಆಗಿದ್ದರೆ, ಮಗು ಮನೆಯಲ್ಲಿ ದಿನವೂ ಕೇಳುವ ಕನ್ನಡ ಪದಗಳನ್ನು, ಅಪ್ಪ, ಬಾ, ತಾತ, ಕಾಕಾ ಎಂದು ಹತ್ತಿಪ್ಪತ್ತನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ. ಅಭ್ಯಾಸವನ್ನು ಅವುಗಳಿಂದಲೇ ಆರಂಭಿಸಬಹುದು.