ಹೊಸ ದ್ರಾಕ್ಷಿ ಬಳ್ಳಿಗಳು: ಕಡ್ಡಿಯೊಳಗಿನ ಗುಟ್ಟು

ದ್ರಾಕ್ಷಿ ನಮ್ಮ ಸೀಮೆಗೆ ಹೊಸದೇನಲ್ಲ. ಸುಮಾರು 1832ರಲ್ಲಿ ಕ್ರೈಸ್ತ ಪಾದ್ರಿಗಳು ಇದನ್ನು ಸೇಲಂ ಮತ್ತು ಮಧುರೆ ಜಿಲ್ಲೆಗಳಿಗೆ ತಂದರು. ಅಂದಿನ ಸೇಲಂ ಜಿಲ್ಲೆಯಲ್ಲಿ ಧರ್ಮಪುರಿ, ಕೃಷ್ಣಗಿರಿ, ಹೊಸೂರು ಎಲ್ಲವೂ ಸೇರಿದ್ದವು. 1965ರಲ್ಲಿ ಧರ್ಮಪುರಿಯೂ 2004ರಲ್ಲಿ ಕೃಷ್ಣಗಿರಿಯೂ ಬೇರೆ ಜಿಲ್ಲೆಗಳಾದವು. ಗಡಿಯಾಚೆಯ ಬೆಂಗಳೂರು, ಕೋಲಾರ ಸೀಮೆಗಳ 'ಬೆಂಗಳೂರು ಬ್ಲೂ' ಎಂಬ ಕಪ್ಪು ದ್ರಾಕ್ಷಿಯನ್ನು ನಾವೆಲ್ಲರೂ ಬಲ್ಲೆವು. ಹೊಸ ತಳಿಯ ಬಳ್ಳಿ ತೋಟಕ್ಕೆ ಬರುವುದು ಹೇಗೆ ಎಂಬುದನ್ನು ಈಗ ನೋಡೋಣ.

ಬೀಜವೋ, ಕಡ್ಡಿಯೋ?

ತೋಟಗಾರರು ದ್ರಾಕ್ಷಿಯ ಬೀಜ ಬಿತ್ತುವುದಿಲ್ಲ. ಮಕ್ಕಳು ಹೇಗೆ ತಂದೆತಾಯಿಗಳ ಪಡಿಯಚ್ಚಲ್ಲವೋ ಹಾಗೆಯೇ ಬೀಜದ ಸಸಿಯೂ ತಾಯಿಬಳ್ಳಿಯ ಪಡಿಯಚ್ಚಲ್ಲ. ಆದರೆ ಮೂರು ನಾಲ್ಕು ಕಣ್ಣುಗಳಿರುವ ಕಡ್ಡಿಯನ್ನು ನೆಟ್ಟರೆ ಬೆಳೆಯುವುದು ತಾಯಿಬಳ್ಳಿಯೇ. ಇದನ್ನು ಕ್ಲೋನ್, ಅಂದರೆ ತದ್ರೂಪಿ ಎನ್ನುತ್ತಾರೆ.

ಕೆಂಪು ವೈನ್‌ಗೆ ಹೆಸರಾದ ಕ್ಯಾಬರ್ನೆ ಸೊವಿನ್ಯೋನ್ ಎಂಬ ತಳಿಯ ತಂದೆತಾಯಿಗಳಲ್ಲಿ ಒಂದು ಕಪ್ಪು, ಒಂದು ಬಿಳಿ ಎಂಬುದು 1997ರಲ್ಲಿ ತಿಳಿದುಬಂದಿತು. ಎಂದೋ ಫ್ರಾನ್ಸಿನಲ್ಲಿ ಮೊಳೆತ ಒಂದು ಬೀಜದ ಬಳ್ಳಿಯೇ ಕಡ್ಡಿಯಿಂದ ಕಡ್ಡಿಗೆ ದಾಟಿ ಲೋಕವನ್ನೆಲ್ಲ ಸುತ್ತಿದೆ!

ಅಪರೂಪಕ್ಕೆ ಒಂದು ಕಣ್ಣು ಮಾತ್ರ ತಾಯಿಗಿಂತ ಬೇರೆಯಾಗಿ ಚಿಗುರುವುದುಂಟು. ಅದನ್ನು ಗುರುತಿಸಿ ಬೆಳೆಸಿದರೆ ಹೊಸ ಕ್ಲೋನ್ ಸಿಗುತ್ತದೆ. ಅನಾಬ್-ಎ-ಶಾಹಿಯಿಂದ ದಿಲ್‌ಖುಷ್, ಥಾಮ್ಸನ್ ಸೀಡ್‌ಲೆಸ್‌ನಿಂದ ತಾಸ್-ಎ-ಗಣೇಶ್ ದೊರೆತದ್ದು ಹೀಗೆ.

ಹೊಸ ತಳಿ ಏಕೆ ಬೇಕು?

ಕಪ್ಪು ದ್ರಾಕ್ಷಿಯ ಸಿಪ್ಪೆ ಸುಲಿದು ಹಿಂಡಿ ನೋಡಿ. ಬರುವ ರಸಕ್ಕೆ ಹೆಚ್ಚು ಬಣ್ಣವಿರದು. ಬಣ್ಣವಿರುವುದು ಸಿಪ್ಪೆಯಲ್ಲಿ. ಆದುದರಿಂದ ಕೆಂಪು ವೈನ್ ಮಾಡುವವರು ರಸವನ್ನು ಸಿಪ್ಪೆಯೊಡನೆಯೇ ಹುಳಿಯಲು ಬಿಡುತ್ತಾರೆ. ಬೆಂಗಳೂರು ಬ್ಲೂ ತಿನ್ನಲೂ ಹಣ್ಣಿನ ರಸಕ್ಕೂ ಒಳ್ಳೆಯದು. ಆದರೆ ಅದರ ಘಾಟು ವಾಸನೆ ಒಳ್ಳೆಯ ಕೆಂಪು ವೈನ್‌ಗೆ ಒಗ್ಗದು. ಆದ್ದರಿಂದ ಕನ್ವಲ್ ಗ್ರೋವರ್ ಎಂಬವರು ಫ್ರಾನ್ಸಿನ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ತೋಟ ಎಬ್ಬಿಸಿದರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೀಜದ ದಾರಿ ಹಿಡಿದು, ಬೆಂಗಳೂರು ಬ್ಲೂ ಮತ್ತು ಬ್ಲ್ಯಾಕ್ ಚಂಪಾ ತಳಿಗಳನ್ನು ಕೂಡಿಸಿ 'ಅರ್ಕಾ ಶ್ಯಾಮ್' ತಳಿಯನ್ನು ಪಡೆದರು.

ಪರೀಕ್ಷೆಯಿಲ್ಲದೆ ನೆಡಬಾರದು

ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆಯುದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ವರ್ಷಕ್ಕೆ ಎರಡು ಸಲ ಸವರಿ ಅದನ್ನು ಹದಕ್ಕೆ ತರಬೇಕು. ಆದುದರಿಂದ ಅಲ್ಲಿ ಹೆಸರು ಗಳಿಸಿದ ಕ್ಲೋನ್ ಇಲ್ಲಿಯೂ ಫಲಿಸುತ್ತದೆಂದು ಹೇಳಲಾಗದು. ಇನ್ನೊಂದು ಅಪಾಯವೂ ಇದೆ: ತಾಯಿಗೆ ವೈರಸ್ ರೋಗವಿದ್ದರೆ ಅದು ಕಡ್ಡಿಯೊಡನೆ ತೋಟಕ್ಕೂ ಬರುತ್ತದೆ. 1860ರ ದಶಕದಲ್ಲಿ ಅಮೆರಿಕದಿಂದ ಬಳ್ಳಿಗಳೊಡನೆ ಬಂದ ಫಿಲಾಕ್ಸೆರಾ ಎಂಬ ಕೀಟ ಬೇರುಗಳನ್ನು ತಿಂದು ಫ್ರಾನ್ಸಿನ ತೋಟಗಳನ್ನು ಹಾಳುಮಾಡಿತು. ಕೊನೆಗೆ ಅಮೆರಿಕದ ಬಳ್ಳಿಯ ಬೇರಿಗೇ ಫ್ರೆಂಚ್ ಕುಡಿಯನ್ನು ಕಸಿಮಾಡಿ ತೋಟಗಳನ್ನು ಉಳಿಸಿಕೊಂಡರು. ನಮ್ಮಲ್ಲಿಯೂ ನೀರಿನ ಅಭಾವ, ಚೌಳು ಮಣ್ಣುಗಳನ್ನು ತಡೆದುಕೊಳ್ಳಲೆಂದು 'ಡಾಗ್‌ರಿಡ್ಜ್' ಎಂಬ ಅಮೆರಿಕದ ಬೇರಿನ ಮೇಲೆ ಕಸಿಮಾಡುವುದುಂಟು.

ರಾಗಿ ಈ ವರ್ಷ ಕೈಕೊಟ್ಟರೆ ಮುಂದಿನ ವರ್ಷ ಬೇರೆ ಬೀಜ ಬಿತ್ತಬಹುದು. ದ್ರಾಕ್ಷಿ ಹಾಗಲ್ಲ. ಕಂಬ, ತಂತಿ, ಕೊಳವೆಬಾವಿಗೆ ಸಾಲ ತಂದು ನೆಟ್ಟ ಬಳ್ಳಿ ಫಸಲು ಕೊಡಲು ಎರಡು ಮೂರು ವರ್ಷ ಬೇಕು. ಅನಂತರ ಹತ್ತು ಹದಿನೈದು ವರ್ಷ ಅದರ ಗುಣದೋಷಗಳೊಡನೆಯೇ ಸಂಸಾರ ನಡೆಯಬೇಕು. ಆದುದರಿಂದ ಪೋಷಕರಲ್ಲಿ ನಮ್ಮ ವಿನಂತಿ: ಯಾರದೋ ಮಾತು ಕೇಳಿ ಇಡೀ ಹೊಲಕ್ಕೆ ಒಂದೇ ಹೊಸ ಕ್ಲೋನ್ ನೆಡಬೇಡಿ. ಮೊದಲು ಎರಡು ಮೂರು ಸಾಲು ನೆಟ್ಟು, ಹಳೆಯದರ ಪಕ್ಕದಲ್ಲಿಯೇ ಬೆಳೆಸಿ ಹೋಲಿಸಿ ನೋಡಿ. ಹಳೆಯ ಬಳ್ಳಿಯನ್ನು ಪೂರ್ತಿ ಕಿತ್ತುಹಾಕದಿರಿ. ತದ್ರೂಪಿಗಳೇ ತುಂಬಿದ ತೋಟಕ್ಕೆ ರೋಗ ಬಂದರೆ ಎಲ್ಲಕ್ಕೂ ಒಟ್ಟಿಗೆ ತಗಲುವ ಭಯವಿದೆ.

ವಿದ್ಯಾರ್ಥಿ ಮಿತ್ರರೇ, ವೈನ್ ನಮಗೆ ಬೇಡ. ಅದರ ಹಿಂದಿನ ವಿಜ್ಞಾನ ಬೇಕು. ಸವರಿ ಎಸೆದ ಒಂದು ದ್ರಾಕ್ಷಿ ಕಡ್ಡಿಯನ್ನು ಮರಳು ಬೆರೆಸಿದ ಮಣ್ಣಿನ ಕುಂಡದಲ್ಲಿ ನೆಟ್ಟು, ದಿನವೂ ಸ್ವಲ್ಪ ನೀರೆರೆಯಿರಿ. ಕಣ್ಣು ಚಿಗುರಿದಾಗ ಅದರ ಎಲೆಯನ್ನು ತಾಯಿಬಳ್ಳಿಯ ಎಲೆಯೊಡನೆ ಹೋಲಿಸಿರಿ. ಪುಸ್ತಕದಲ್ಲಿ ಓದಿದ ಪಾಠ ಆಗ ಮನದಟ್ಟಾಗುತ್ತದೆ.