ಹೊರಟ ರೈಲು ಕೈ ಅಡ್ಡ ಹಿಡಿದರೆ ನಿಲ್ಲದು

ಇಕ್ಕೇರಿ ಸೀಮೆಯ ನಾವು ಮೂಲತಃ ಬಸ್ಸಿನ ಜನ. ತೀರ್ಥಹಳ್ಳಿ ಪೇಟೆಗೆ ಇಂದಿಗೂ ರೈಲುಮಾರ್ಗವಿಲ್ಲ. ಅಲ್ಲಿಯ ಬಂಧುಗಳು ರೈಲು ಹತ್ತಬೇಕಾದರೆ ಶಿವಮೊಗ್ಗಕ್ಕೆ ಬರಬೇಕು. ಹೊಸನಗರ ತಾಲ್ಲೂಕಿನವರಿಗೆ ಅಂಚಿನಲ್ಲಿರುವ ಅರಸಾಳು ನಿಲ್ದಾಣವುಂಟು. ಶಂಕರ್ ನಾಗ್ ಅವರು 1986ರಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಗಾಗಿ ಚಿತ್ರಿಸಿದ ಆ ಪುಟ್ಟ ನಿಲ್ದಾಣ ಇಂದು ರೈಲಿಗಿಂತ ವಸ್ತು ಸಂಗ್ರಹಾಲಯದಿಂದಲೇ ಹೆಚ್ಚು ಪ್ರಸಿದ್ಧವಾಗಿದೆ. ಸಾಗರದವರಿಗೆ ಸಾಗರ ಜಂಬಗಾರು, ಆನಂದಪುರ, ತಾಳಗುಪ್ಪ ನಿಲ್ದಾಣಗಳಿವೆ. ಮಕ್ಕಳು ಬೆಂಗಳೂರು, ಮೈಸೂರುಗಳಲ್ಲಿ ಓದಿಗೂ ಉದ್ಯೋಗಕ್ಕೂ ನಿಂತ ಮೇಲೆ, ಸಿದ್ಧಗಂಗೆಯ ಜಾತ್ರೆಗೆ ತಂಡ ಕಟ್ಟಿಕೊಂಡು ಹೋಗುವ ರೂಢಿ ಬೆಳೆದ ಮೇಲೆ, ನಮ್ಮ ಮನೆಗಳಲ್ಲಿ ರೈಲಿನ ಬಳಕೆ ಬಹಳ ಹೆಚ್ಚಿದೆ. ಬಳಕೆ ಹೆಚ್ಚಿದೆಯೇ ಹೊರತು ಬಸ್ಸಿನ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. ಆ ಅಭ್ಯಾಸ ಪ್ಲಾಟ್‌ಫಾರ್ಮಿನಲ್ಲಿ ಪ್ರಾಣಕ್ಕೆ ಎರವಾಗಬಲ್ಲುದೆಂಬುದೇ ಈ ಲೇಖನದ ವಿಷಯ.

ಮಲೆನಾಡಿನ ಬಸ್ಸು ಮನುಷ್ಯರ ಮಾತು ಕೇಳುವ ವಾಹನ. ಅಡಿಕೆ ತೋಟದ ದಣಪೆ ದಾಟಿ ಓಡಿಬರುವ ಮುದುಕಿಯನ್ನು ಕಂಡರೆ ಕಂಡಕ್ಟರು ‘ಹೋಲ್ಡಾನ್’ ಎನ್ನುತ್ತಾನೆ, ಚಾಲಕ ಬ್ರೇಕು ಒತ್ತುತ್ತಾನೆ. ‘ರೈಟ್’ ಎಂದ ಮೇಲೂ ಹುಡುಗರು ಓಡಿ ಮೆಟ್ಟಿಲಿಗೆ ಜಿಗಿಯುತ್ತಾರೆ. ಇದು ಸರಿಯೆಂದು ನಾವು ಹೇಳುತ್ತಿಲ್ಲ. ಆದರೆ ಅಲ್ಲಿ ತಪ್ಪಿದ ಹೆಜ್ಜೆಯನ್ನು ಕಾಣುವ ಕಣ್ಣೊಂದು ಹತ್ತು ಅಡಿಯೊಳಗೆ ಇರುತ್ತದೆ. ರೈಲಿನಲ್ಲಿ ಹಾಗಿಲ್ಲ. ಹದಿನೆಂಟು ಬೋಗಿಗಳ ರೈಲು 400 ಮೀಟರಿಗೂ ಹೆಚ್ಚು ಉದ್ದವಿರುತ್ತದೆ. ಚಾಲಕ ಒಂದು ತುದಿಯಲ್ಲಿ, 2022ರಿಂದ ಟ್ರೈನ್ ಮ್ಯಾನೇಜರ್ ಎಂದು ಕರೆಯಲ್ಪಡುವ ಗಾರ್ಡ್ ಇನ್ನೊಂದು ತುದಿಯಲ್ಲಿ. ಹೊರಡುವ ಸಿಗ್ನಲ್ ಬಿದ್ದು, ಗಾರ್ಡ್ ಹಸಿರು ಬಾವುಟವನ್ನೋ ರಾತ್ರಿಯಾದರೆ ಹಸಿರು ದೀಪವನ್ನೋ ತೋರಿಸಿ, ಎಂಜಿನ್ ಸೀಟಿ ಹಾಕಿದ ಮೇಲೆ ನಡುವಿನ ಹತ್ತನೆಯ ಬೋಗಿಯ ಬಾಗಿಲಲ್ಲಿ ಯಾರ ಕಾಲು ಜಾರಿತೆಂಬುದು ಇಬ್ಬರಿಗೂ ಕಾಣುವುದು ಕಷ್ಟ. ಕಂಡರೂ ಸಾವಿರ ಟನ್ನಿನ ಆಸುಪಾಸಿನ ಭಾರ ಹಿಡಿದ ತಕ್ಷಣ ನಿಲ್ಲುವುದಿಲ್ಲ.

ರೈಲು ಹೊರಡುವಾಗ ಬಹಳ ನಿಧಾನವೆಂಬ ಭಾವನೆಯೇ ಮೊದಲ ಮೋಸ. ಗಂಟೆಗೆ ಕೇವಲ 10 ಕಿಲೋಮೀಟರ್ ವೇಗವೆಂದರೂ ಒಂದು ಸೆಕೆಂಡಿನಲ್ಲಿ ಬಾಗಿಲು ಸುಮಾರು 9 ಅಡಿ ಮುಂದೆ ಹೋಗಿರುತ್ತದೆ. ಕೈ ಹಿಡಿಕೆಯನ್ನು ಹಿಡಿದಾಗ ದೇಹಕ್ಕೆ ರೈಲಿನ ವೇಗ ಬರುತ್ತದೆ, ಕಾಲಿಗೆ ಬರುವುದಿಲ್ಲ. ಕಾಲು ಹಿಂದುಳಿದು ಮೈ ತೂಗಿ ಬೋಗಿಯ ಬದಿಗೆ ಬಡಿಯುತ್ತದೆ. ಇಳಿಯುವಾಗ ಇದೇ ತಿರುಗುಮುರುಗು. ಕಾಲು ನೆಲ ಮುಟ್ಟಿ ನಿಲ್ಲುತ್ತದೆ, ಮೈ ಮಾತ್ರ ರೈಲು ಹೋಗುವ ದಿಕ್ಕಿಗೇ ಧಾವಿಸುತ್ತದೆ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದ ಹೆಣ್ಣುಮಕ್ಕಳಿಗೆ ಹಿಡಿಕೆ ಹಿಡಿಯಲು ಮೂರನೆಯ ಕೈ ಇರುವುದಿಲ್ಲ.

ಎರಡನೆಯ ಮೋಸ ಪ್ಲಾಟ್‌ಫಾರ್ಮಿನ ಎತ್ತರದ್ದು. ನಮ್ಮ ಹಿರಿಯರು ರೈಲು ಕಲಿತದ್ದು ಮೀಟರ್‌ಗೇಜಿನಲ್ಲಿ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಬಂದ ಆ ಮಾರ್ಗ ಮೈಸೂರು ಸಂಸ್ಥಾನದ ಕಾಲದಲ್ಲೇ ತಾಳಗುಪ್ಪಕ್ಕೆ ಮುಂದುವರಿಯಿತು. ಆಮೇಲೆ ಕೆಲವು ವರ್ಷ ಶಿವಮೊಗ್ಗ ಮತ್ತು ತಾಳಗುಪ್ಪಗಳ ನಡುವೆ ಪುಟ್ಟ ರೈಲ್‌ಬಸ್ ಓಡಾಡಿದ್ದು ಅನೇಕರಿಗೆ ನೆನಪಿರಬಹುದು. ಆಗಿನ ಪ್ಲಾಟ್‌ಫಾರ್ಮುಗಳು ತಗ್ಗು, ಗಾಡಿಗಳು ಚಿಕ್ಕವು, ವೇಗ ಮಂದ. ಜಿಗಿದವರು ಬಿದ್ದರೂ ಬಹುಮಟ್ಟಿಗೆ ಬಯಲಿನಲ್ಲಿಯೇ ಬೀಳುತ್ತಿದ್ದರು. 2011ರ ಸುಮಾರಿಗೆ ಬ್ರಾಡ್‌ಗೇಜ್ ತಾಳಗುಪ್ಪ ಮುಟ್ಟಿದ ಮೇಲೆ ಕಾಲ ಬದಲಾಯಿತು. ಈಗ ಎತ್ತರದ ಪ್ಲಾಟ್‌ಫಾರ್ಮೆಂದರೆ ಹಳಿಯ ಮೇಲಿಂದ 76ರಿಂದ 84 ಸೆಂಟಿಮೀಟರ್. ಹತ್ತುವುದಕ್ಕೆ ಇದು ಅನುಕೂಲ, ಅದರಲ್ಲಿ ಸಂದೇಹವಿಲ್ಲ; ಮೊಣಕಾಲು ನೋವಿನ ಅಜ್ಜಿಯಂದಿರು ಇದಕ್ಕಾಗಿ ಹರಸುತ್ತಾರೆ. ಆದರೆ ಕಾಲು ಜಾರಿದವನು ಈಗ ಬಯಲಿಗೆ ಬೀಳುವುದಿಲ್ಲ. ಒಂದು ಕಡೆ ಕಲ್ಲುಗೋಡೆ, ಇನ್ನೊಂದು ಕಡೆ ಗಾಲಿ, ನಡುವಿನ ಸಂದಿಗೆ ಇಳಿಯುತ್ತಾನೆ. ಚಲಿಸುವ ರೈಲನ್ನು ಹತ್ತಬೇಡಿರೆಂದು ಧ್ವನಿವರ್ಧಕ ಹೇಳುವಾಗ ನಮ್ಮ ಕಣ್ಣೆದುರಿಗೆ ಬರಬೇಕಾದದ್ದು ಈ ಸಂದಿ.

ನಮ್ಮ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು ಮತ್ತೊಂದು. ಬೀಳ್ಕೊಡುವುದು ನಮ್ಮಲ್ಲಿ ಒಂದು ಸಂಸ್ಕಾರವೇ ಆಗಿದೆ. ಮಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಳೆಂದರೆ ರಾತ್ರಿಯ ರೈಲಿಗೆ ಸಾಗರ ಜಂಬಗಾರಿಗೆ ಎರಡು ವಾಹನದ ತುಂಬ ಜನ ಬರುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ತೊಡೆದೇವಿನ ಡಬ್ಬಿ, ಹಲಸಿನ ಹಪ್ಪಳದ ಕಟ್ಟು, ತೊಟ್ಟಿಲ ಹಾಸಿಗೆ; ಇವನ್ನೆಲ್ಲ ಸೀಟಿನ ಕೆಳಗೆ ತಳ್ಳಲು ಭಾವ, ಮೈದುನ, ಚಿಕ್ಕಪ್ಪ ಒಳಗೇ ಹತ್ತುತ್ತಾರೆ. ಆಮೇಲೆ ಹಿರಿಯರ ಕಾಲಿಗೆ ನಮಸ್ಕಾರ, ಮಗುವಿನ ಹಣೆಗೆ ವಿಭೂತಿ, ಶರಣು ಶರಣಾರ್ಥಿ. ನಡುವಿನ ನಿಲ್ದಾಣದಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ ಮಾತ್ರ. ಬೋಗಿ ಮೆಲ್ಲನೆ ಕುಲುಕಿದಾಗ ಒಳಗಿರುವ ಚಿಕ್ಕಪ್ಪನವರ ಬಳಿ ಟಿಕೇಟಿಲ್ಲ, ಕಾಲಿನ ಚಪ್ಪಲಿ ಜಾರುವಂಥದು, ಬಾಗಿಲಲ್ಲಿ ಸಾಮಾನು ಅಡ್ಡವಾಗಿದೆ. ಅವರು ಜಿಗಿಯುತ್ತಾರೆ. ಹೀಗೆ ಜಿಗಿದು ತಪ್ಪಿಸಿಕೊಂಡವರು ನೂರು ಮಂದಿ ಇರಬಹುದು. ಅವರ ಸಾಹಸಗಾಥೆಯನ್ನು ಮದುವೆಯ ಪಂಕ್ತಿಯಲ್ಲಿ ಕೇಳಿ ನಕ್ಕವರು ನಾವೇ. ಆ ನಗೆಯೇ ಮುಂದಿನ ಹುಡುಗನಿಗೆ ಧೈರ್ಯ ಕೊಡುತ್ತದೆ.

ಒಳಗೇ ಸಿಕ್ಕಿಕೊಂಡವರು ಜಿಗಿಯುವ ಬದಲು ಮುಂದಿನ ನಿಲ್ದಾಣದಲ್ಲಿ ಇಳಿಯಬೇಕು. ಆನಂದಪುರದಿಂದ ಹಿಂದಿರುಗಲು ಒಂದು ಗಂಟೆ ವ್ಯರ್ಥವಾಗಬಹುದು, ಟಿಕೇಟು ಪರೀಕ್ಷಕರು ದಂಡ ಹಾಕಬಹುದು. ಒಂದು ಕಾಲಿನ ಬೆಲೆಯೆದುರು ಅದು ಯಾವ ಲೆಕ್ಕ? ಇನ್ನೂ ಮೇಲೆಂದರೆ ಸಾಮಾನು ಹತ್ತಿಸಲು ಒಬ್ಬರೇ ಒಳಗೆ ಹೋಗಿ, ಉಳಿದವರ ನಮಸ್ಕಾರ ಆಶೀರ್ವಾದಗಳೆಲ್ಲ ರೈಲು ಬರುವ ಮುನ್ನವೇ ಬೆಂಚಿನ ಬಳಿ ಮುಗಿಯುವುದು. ಭರಣಿಯನ್ನು ಬಿಡಿಯಾಗಿ ಹಿಡಿಯದೆ ಹೆಗಲಚೀಲಕ್ಕೆ ಸೇರಿಸಿದರೆ ಎರಡು ಕೈಗಳೂ ಹಿಡಿಕೆಗೆ ದೊರೆಯುತ್ತವೆ. ಪೂಜೆಯ ಚೀಲವನ್ನೂ ಹೀಗೆಯೇ ಮೈಗೆ ಹಾಕಿಕೊಂಡಿರಬೇಕು. ಬಾಗಿಲಲ್ಲಿ ಅದು ಕೈಜಾರಿತೆಂದರೆ ಭಕ್ತರಾದವರು ಯೋಚಿಸದೆ ಬಗ್ಗಿಬಿಡುತ್ತಾರೆ.

ಜಾತ್ರೆಗೆ ಹೋಗುವ ತಂಡಗಳದ್ದು ಬೇರೆ ತೊಂದರೆ. ಮೂವತ್ತು ಜನರ ಟಿಕೇಟು ಒಬ್ಬ ಯಜಮಾನರ ಜೇಬಿನಲ್ಲಿರುತ್ತದೆ. ಅರಸೀಕೆರೆಯಲ್ಲಿ ನೀರು ತುಂಬಲು ಇಳಿದವನಿಗೆ ತನ್ನ ಬೋಗಿಯ ಸಂಖ್ಯೆ ಗೊತ್ತಿಲ್ಲ, ಟಿಕೇಟು ಕೈಯಲ್ಲಿಲ್ಲ; ರೈಲು ಹೊರಟರೆ ತನ್ನದೇ ಬೋಗಿಯನ್ನು ಹುಡುಕಿಕೊಂಡು ಪ್ಲಾಟ್‌ಫಾರ್ಮಿನುದ್ದಕ್ಕೂ ಓಡುತ್ತಾನೆ. ಹತ್ತಿರದ ಯಾವ ಬೋಗಿಯನ್ನಾದರೂ ರೈಲು ನಿಂತಿರುವಾಗಲೇ ಹತ್ತಿದರೆ ಮುಂದಿನ ನಿಲ್ದಾಣದಲ್ಲಿ ಬದಲಾಯಿಸಿಕೊಳ್ಳಬಹುದೆಂಬುದು ಅವನಿಗೆ ಹೊಳೆಯುವುದಿಲ್ಲ. ಬೋಗಿಯ ಸಂಖ್ಯೆಯನ್ನೂ ಯಜಮಾನರ ದೂರವಾಣಿಯನ್ನೂ ಒಂದು ಚೀಟಿಯಲ್ಲಿ ಬರೆದು ಪ್ರತಿಯೊಬ್ಬರ ಜೇಬಿಗೆ ಹಾಕುವುದು ತಂಡದ ಮುಖಂಡರ ಕರ್ತವ್ಯವೆಂದು ನಮ್ಮ ಅಭಿಪ್ರಾಯ. ರೈಲು ತಪ್ಪಿದವರು 139ಕ್ಕೆ ಕರೆಮಾಡಿದರೆ ನೆರವು ದೊರೆಯುತ್ತದೆ.

ಸರಪಳಿಯ ವಿಷಯದಲ್ಲಿಯೂ ತಪ್ಪು ತಿಳಿವಳಿಕೆ ಇದೆ. ತಡವಾದ ನೆಂಟರಿಗಾಗಿ ಸರಪಳಿ ಎಳೆಯುವುದು 1989ರ ರೈಲ್ವೆ ಅಧಿನಿಯಮದ 141ನೆಯ ಕಲಮಿನಂತೆ ಅಪರಾಧ. ಒಂದು ವರ್ಷದವರೆಗೆ ಸೆರೆವಾಸ ಅಥವಾ ಸಾವಿರ ರೂಪಾಯಿಯವರೆಗೆ ದಂಡವುಂಟು. ಆದರೆ ಯಾರಾದರೂ ಬಾಗಿಲಿನಿಂದ ಬಿದ್ದದ್ದನ್ನು ಕಂಡರೆ ಎಳೆಯಲು ಹೆದರಬೇಕಾಗಿಲ್ಲ. ಸರಪಳಿ ಇರುವುದೇ ಅದಕ್ಕಾಗಿ.

2023ರಿಂದ ಬೆಂಗಳೂರು ಮತ್ತು ಧಾರವಾಡಗಳ ನಡುವೆ ಓಡುತ್ತಿರುವ ವಂದೇ ಭಾರತ್ ರೈಲಿನಲ್ಲಿ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಮುಂಬಯಿಯ ಮುಂಬ್ರಾ ಬಳಿ 2025ರ ಜೂನ್ 9ರಂದು ಕಿಕ್ಕಿರಿದ ಲೋಕಲ್ ರೈಲುಗಳಿಂದ ಜನ ಉರುಳಿ ಸತ್ತ ಮೇಲೆ ಅಲ್ಲಿಯ ಹೊಸ ಗಾಡಿಗಳಿಗೂ ಇಂಥ ಬಾಗಿಲು ಕೊಡುವುದಾಗಿ ರೈಲ್ವೆ ಪ್ರಕಟಿಸಿತು. ನಮ್ಮ ತಾಳಗುಪ್ಪ ಮಾರ್ಗದ ಗಾಡಿಗಳ ಬಾಗಿಲು ಮಾತ್ರ ಕೈಯಿಂದ ಮುಚ್ಚುವಂಥವು. ಕುವೆಂಪು ಅವರ ಹೆಸರು ಹೊತ್ತ ರೈಲಿಗೂ ಇದೇ ಮಾತು.

ಇಷ್ಟಾಗಿಯೂ ಅನಾಹುತ ಸಂಭವಿಸಿದರೆ ಕುಟುಂಬದವರು ‘ತಪ್ಪು ನಮ್ಮದೇ’ ಎಂದು ಕೈಕಟ್ಟಿ ಕೂರುವುದುಂಟು. ಕಾನೂನು ಅಷ್ಟು ಕಠಿಣವಾಗಿಲ್ಲ. ಕೇರಳದ ವರ್ಕಲ ನಿಲ್ದಾಣದಲ್ಲಿ 1998ರಲ್ಲಿ ರೈಲು ಹತ್ತಲು ಹೋಗಿ ಬಿದ್ದು ತೀರಿಕೊಂಡ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತು, ಹತ್ತುವಾಗ ಬೀಳುವುದೂ ರೈಲಿನಿಂದ ಆಕಸ್ಮಿಕವಾಗಿ ಬಿದ್ದಂತೆಯೇ ಎಂದು ಎತ್ತಿಹಿಡಿಯಿತು. 2018ರ ಇನ್ನೊಂದು ತೀರ್ಪಿನ ಪ್ರಕಾರ ಕೇವಲ ಅಜಾಗರೂಕತೆಯ ಕಾರಣದಿಂದ ಪರಿಹಾರ ನಿರಾಕರಿಸುವಂತಿಲ್ಲ. ಮೃತರ ಬಳಿ ಟಿಕೇಟು ಸಿಗಲಿಲ್ಲವೆಂಬುದೊಂದೇ ಸಾಲದು. ಆತ್ಮಹತ್ಯೆ, ಬೇಕೆಂದೇ ಮಾಡಿಕೊಂಡ ಗಾಯ, ಕುಡಿದ ಅಮಲು ಮುಂತಾದವಕ್ಕೆ ಪರಿಹಾರ ದೊರೆಯದು. 2017ರ ಜನವರಿ 1ರಿಂದ ಮರಣಕ್ಕೆ 8 ಲಕ್ಷ ರೂಪಾಯಿ ಗೊತ್ತುಮಾಡಲಾಗಿದೆ. ಬೀಳ್ಕೊಡಲು ಬಂದವರ ವಿಷಯದಲ್ಲಿ ಒಂದು ಮಾತು ಅವಶ್ಯ: ಅಧಿನಿಯಮದ 124-ಎ ಕಲಮು ಪ್ಲಾಟ್‌ಫಾರ್ಮ್ ಟಿಕೇಟು ಪಡೆದವರನ್ನೂ ಪ್ರಯಾಣಿಕರೆಂದೇ ಎಣಿಸುತ್ತದೆ. ಹತ್ತು ಜನ ಬೀಳ್ಕೊಡಲು ಹೋಗಿ ಎರಡೇ ಟಿಕೇಟು ಕೊಳ್ಳುವ ನಮ್ಮ ಮಿತವ್ಯಯ ಇಲ್ಲಿ ದುಬಾರಿಯಾದೀತು. ಪರಿಹಾರದ ಅರ್ಜಿಯನ್ನು ಘಟನೆ ನಡೆದ ಒಂದು ವರ್ಷದೊಳಗೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಸಲ್ಲಿಸಬೇಕು. ನಮಗೆ ಅದರ ಪೀಠ ಬೆಂಗಳೂರಿನಲ್ಲಿದೆ. ಅಂತ್ಯಸಂಸ್ಕಾರದ ಗಡಿಬಿಡಿಯಲ್ಲಿ ಮರಣೋತ್ತರ ಪರೀಕ್ಷೆ ಬೇಡವೆಂದು ಬರೆದುಕೊಡುವ ಹಿರಿಯರು ನಮ್ಮಲ್ಲಿ ಇದ್ದಾರೆ. ಆ ವರದಿಯೂ ರೈಲ್ವೆ ಪೊಲೀಸರ ಪಂಚನಾಮೆಯೂ ಇಲ್ಲದೆ ಅರ್ಜಿ ನಿಲ್ಲುವುದು ಕಷ್ಟ.