ತಲೆಯನ್ನು ಹಿಡಿದಿಡುವುದು ಭಾರವೋ, ಕಟ್ಟೋ?

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಹಮಾಲರು ಮೆಣಸಿನಕಾಯಿಯ ಚೀಲಗಳನ್ನು ಲಾರಿಗೆ ಹೇರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಹೇರು ಎಷ್ಟೇ ಭಾರವಾಗಿರಲಿ, ಹಗ್ಗ ಬಿಗಿಯದೆ ಲಾರಿ ಹೊರಡುವುದಿಲ್ಲ. ಭಾರವಾದ ವಸ್ತುವು ಇದ್ದಲ್ಲಿಯೇ ಇರುವುದೆಂದು ತೋರಿದರೂ, ಬ್ರೇಕು ಹಾಕಿದೊಡನೆ ಜಡತ್ವದಿಂದ ಮುಂದಕ್ಕೆ ಸಾಗುತ್ತದೆ. ಈ ಸಾಮಾನ್ಯ ಸಂಗತಿಯನ್ನು ಒಮ್ಮೊಮ್ಮೆ ಮನುಷ್ಯನ ಪ್ರಾಣವೇ ಅವಲಂಬಿಸಿರುತ್ತದೆ.

ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳ ಮೇಲೆ ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸವಾರನೊಬ್ಬನು ಮೋಟಾರು ಸೈಕಲಿನಿಂದ ಬಿದ್ದನೆಂದು ಭಾವಿಸೋಣ. ಅವನ ಕತ್ತು ನೋಯುತ್ತಿದೆ. ಬೆರಳುಗಳು ಜೋಮು ಹಿಡಿದಿವೆ. ವಯಸ್ಕನ ತಲೆಯ ತೂಕ ಸುಮಾರು 5 ಕಿಲೋಗ್ರಾಂ. ಅದನ್ನು ಹೊತ್ತಿರುವವು ಕತ್ತಿನ 7 ಎಲುಬಿನ ಮಣಿಗಳು. ಅವುಗಳ ಒಳಗೆ ಕಿರುಬೆರಳಿನಷ್ಟು ದಪ್ಪದ ಮಿದುಳುಬಳ್ಳಿಯು ಇಳಿದುಬರುತ್ತದೆ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ ಕತ್ತಿನ 3, 4, 5ನೆಯ ನರಗಳಿಂದಲೇ ಆಜ್ಞೆ ಹೋಗುತ್ತದೆ. ಮಣಿ ಮುರಿದಿರುವಾಗ ತಲೆ ಹೊರಳಿದರೆ ಕೈಕಾಲುಗಳ ಶಕ್ತಿ ಮಾತ್ರವಲ್ಲ, ಉಸಿರೂ ಹೋಗಬಹುದು.

ಈಗ ಒಂದು ಸಣ್ಣ ಲೆಕ್ಕ. ಗಂಟೆಗೆ 36 ಕಿಲೋಮೀಟರು, ಎಂದರೆ ಸೆಕೆಂಡಿಗೆ 10 ಮೀಟರು ವೇಗದ ಆಂಬ್ಯುಲೆನ್ಸು 2 ಸೆಕೆಂಡುಗಳಲ್ಲಿ ನಿಂತಿತೆನ್ನೋಣ. ಆಗ 5 ಕಿಲೋಗ್ರಾಂ ತಲೆಯನ್ನು ತಡೆಯಲು 25 ನ್ಯೂಟನ್ ಬಲ, ಅಂದರೆ ಸುಮಾರು ಎರಡೂವರೆ ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಈ ಬಲವನ್ನು ಕಟ್ಟು ಒದಗಿಸದಿದ್ದರೆ ಮುರಿದ ಕತ್ತೇ ಒದಗಿಸಬೇಕಾಗುತ್ತದೆ.

ಹಿಂದೆ ತಲೆಯ ಇಕ್ಕೆಲಗಳಲ್ಲಿ ಮರಳಿನ ಚೀಲಗಳನ್ನಿಡುವ ರೂಢಿಯಿತ್ತು. ಆದರೆ ಗಾಯಾಳು ವಾಂತಿ ಮಾಡಿಕೊಂಡರೆ ಅವನನ್ನು ಹಲಗೆಯ ಸಮೇತ ಪಕ್ಕಕ್ಕೆ ಹೊರಳಿಸಬೇಕು. ಆಗ ಮೇಲಿನ ಬದಿಯ ಚೀಲದ ಭಾರವೆಲ್ಲ ತಲೆಯ ಮೇಲೆ ಬೀಳುತ್ತದೆ. ಆದುದರಿಂದ ಹಗುರವಾದ ಫೋಮಿನ ದಿಂಡುಗಳೂ ಹಣೆಯ ಪಟ್ಟಿಯೂ ಮೇಲು. ಗಲ್ಲಕ್ಕೆ ಪಟ್ಟಿ ಬಿಗಿದರೆ ಬಾಯಿ ತೆರೆಯಲಾಗದು. ಕೊರಳಿನ ಕಾಲರು ತಾನೊಂದೇ ತಲೆಯನ್ನು ಸಂಪೂರ್ಣವಾಗಿ ತಡೆಯಲಾರದು. ಅಳತೆ ಮೀರಿ ಎತ್ತರವಾದರೆ ಕತ್ತನ್ನು ಎಳೆಯುತ್ತದೆ, ಬಿಗಿಯಾದರೆ ರಕ್ತನಾಳಗಳನ್ನು ಒತ್ತುತ್ತದೆ. ಗಟ್ಟಿ ಹಲಗೆಯು ಎತ್ತಿ ಸಾಗಿಸಲು ಯೋಗ್ಯವಾದರೂ, ಬಹಳ ಹೊತ್ತು ಅದರ ಮೇಲೆ ಮಲಗಿಸಿದರೆ ಒತ್ತುಹುಣ್ಣು ಆಗಬಹುದು.

ದೂರದ ಪ್ರಯಾಣಕ್ಕೆ ನಿರ್ವಾತ ಹಾಸಿಗೆಯು ಉತ್ತಮ. ಅದರ ತುಂಬ ಸಣ್ಣ ಹಗುರ ಮಣಿಗಳಿರುತ್ತವೆ. ಒಳಗಿನ ಗಾಳಿಯನ್ನು ಹೊರಗೆಳೆದೊಡನೆ ವಾತಾವರಣದ ಒತ್ತಡವೇ ಮಣಿಗಳನ್ನು ಅದುಮಿ, ಹಾಸಿಗೆಯನ್ನು ದೇಹದ ಆಕಾರದ ಗಟ್ಟಿ ಅಚ್ಚನ್ನಾಗಿ ಮಾಡುತ್ತದೆ!

ಯಾವ ಸಾಧನವಾದರೂ ಮೊದಲು ಮುಂಡವನ್ನು, ಕೊನೆಗೆ ತಲೆಯನ್ನು ಕಟ್ಟಬೇಕು. ತಲೆಯನ್ನೇ ಮೊದಲು ಕಟ್ಟಿ ಮುಂಡವು ಜಾರಿದರೆ ಕತ್ತು ಕದದ ತಿರುಗಣಿಯಂತಾಗುತ್ತದೆ. ತಲೆಯೂ ಮುಂಡವೂ ಒಂದಾಗಿ ಚಲಿಸುವಂತೆ ಮಾಡುವ ಸಾಧನವೇ ಒಳ್ಳೆಯ ಸಾಧನ.

ಕರ್ನಾಟಕದಲ್ಲಿ 2008ರಿಂದ 108 ಸಂಖ್ಯೆಗೆ ಕರೆಮಾಡಿದರೆ ಆಂಬ್ಯುಲೆನ್ಸು ಬರುತ್ತದೆ. ಅದು ಬರುವವರೆಗೆ ನಮ್ಮಲ್ಲಿರುವ ಸಾಧನವೆಂದರೆ ಎರಡು ಅಂಗೈಗಳು. ಬೆಂಕಿಯಂಥ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಎತ್ತಬೇಡಿರಿ. ತಲೆಯ ಬಳಿ ಮೊಣಕಾಲೂರಿ, ಇದ್ದ ಸ್ಥಿತಿಯಲ್ಲಿಯೇ ಅದನ್ನು ಎರಡು ಬದಿಗಳಿಂದ ಹಿಡಿಯಿರಿ, ಎಳೆಯಬೇಡಿರಿ, ತಿರುಗಿಸಬೇಡಿರಿ. "ತಲೆಯಾಡಿಸಬೇಡಿ, ಬಾಯಿಂದಲೇ ಹೇಳಿ" ಎಂದು ಗಾಯಾಳುವಿಗೆ ಮೊದಲೇ ತಿಳಿಸಿರಿ. ಆಮೇಲೆ ನೋವು ಎಲ್ಲಿದೆಯೆಂದು ಕೇಳಿರಿ.